ಅಪ್‌ಡೇಟ್: ಡಬ್ಬಿ ಮಾತ್ರೆ ಬಿಟ್ಟೆ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ನನ್ನ ವೀರ್ಯಾಣು ಕೌಂಟ್ ಮಿಲಿಗೆ 9 ಮಿಲಿಯನ್ ಇದೆ, ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿದ್ರೆ ಏರುತ್ತಾ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಯೂರಾಲಜಿಸ್ಟ್‌ಗೆ ತೋರಿಸಿದೆ. ನಿಂತ್ಕೊಳ್ಳೋಕೆ ಹೇಳಿ ಪರೀಕ್ಷೆ ಮಾಡಿ, 'ಎಡಗಡೆ ವೇರಿಕೋಸೀಲ್ ಇದೆ' ಅಂದ್ರು, ಅಂದ್ರೆ ವೃಷಣದ ಮೇಲಿನ ರಕ್ತನಾಳ ಊದಿಕೊಂಡಿರೋದು. ಇಷ್ಟು ದಿನ ಯಾರೂ ಮುಟ್ಟಿ ನೋಡಿರಲಿಲ್ಲ, ಬರೀ ಚೀಟಿ! ವಿಟಮಿನ್ ಇ, ಸೆಲೆನಿಯಂ ಇದ್ದ ಆ ಮಾತ್ರೆ ಡಬ್ಬಿ ಮುಂದಿಟ್ಟೆ. 2020ರಲ್ಲಿ ಪ್ರಕಟವಾದ ಅಮೆರಿಕದ 'ಮಾಕ್ಸಿ' ಅಧ್ಯಯನದಲ್ಲಿ ಇಂಥ ಮಾತ್ರೆ ತಿಂದವರ ವೀರ್ಯ, ಡಮ್ಮಿ ಮಾತ್ರೆ ತಿಂದವರದ್ದಕ್ಕಿಂತ ಸುಧಾರಿಸಲಿಲ್ಲ ಅಂದ್ರು ಡಾಕ್ಟರ್.

ಮುಂದಿನ ತಿಂಗಳು ಆಪರೇಷನ್. ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು, ಹಾಗಾಗಿ ಮರುಪರೀಕ್ಷೆ ಆಪರೇಷನ್ ಆದ ಮೂರು ತಿಂಗಳಿಗೆ. ಹೊಗೆಸೊಪ್ಪಿನ ಕವಳವೂ (ಎಲೆಅಡಿಕೆ) ಬಂದ್. ಅಡಿಕೆ ತೋಟದವನಿಗೆ ಅದೇ ದೊಡ್ಡ ಶಿಕ್ಷೆ.

ಆಯಿ ಮಾತ್ರ, ದುಡ್ಡು ಕೊಟ್ಟು ತಂದಿದ್ದು ದಂಡ ಆಗ್ತದೆ ಅಂತ ದಿನಾ ಚಾ ಲೋಟದ ಪಕ್ಕ ಆ ಡಬ್ಬಿ ತಂದಿಡ್ತಾಳೆ.