ಪ್ಲೇನರ್ ಚಕ್ಕೆ ಪಕ್ಕದ ಮನೆ ಹಪ್ಪಳದ ಮೇಲೆ ಬೀಳ್ತಿದೆ, ಏನು ಮಾಡಲಿ?

ಶಿರಸಿ ಮರಗೆಲಸ:

ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಹಳೇ ಕಾರ್ ಶೆಡ್‌ನಲ್ಲಿ ಒಬ್ಬನೇ ಮರಗೆಲಸ ಮಾಡುತ್ತೇನೆ. 12 ಅಡಿ ಅಗಲ, 18 ಅಡಿ ಉದ್ದ, ಹಂಚಿನ ಮಾಡು. ಒಂದು ಕಡೆ ಶಟರ್, ಇನ್ನೊಂದು ಕಡೆ ಕಿಟಕಿ. ಕಿಟಕಿಯ ಆಚೆಗೆ ಪಕ್ಕದ ಮನೆಯವರ ಅಂಗಳ. ಗಲಾಟೆ ಶುರುವಾಗಿದ್ದು ಅಲ್ಲಿಂದಲೇ.

ಹೋದ ವರ್ಷದವರೆಗೂ ಕೈ ಹತ್ತರಿ ಹಿಡಿದೇ ಹಲಗೆ ಉಜ್ಜುತ್ತಿದ್ದೆ. ಸುರುಳಿ ಸುರುಳಿಯಾಗಿ ಕಾಲ ಬುಡದಲ್ಲಿ ಬೀಳುತ್ತಿತ್ತು. ಸಂಜೆ ಬಾಚಿ ಬಚ್ಚಲ ಒಲೆಗೆ ಹಾಕಿದರೆ ಮುಗೀತು. ಈಗ 13 ಇಂಚಿನ ಪ್ಲೇನರ್ ತಂದಿದ್ದೇನೆ. ಈ ಕಡೆಯಿಂದ ಹಲಗೆ ಕೊಟ್ಟರೆ ಆ ಕಡೆ ಒಂದೇ ದಪ್ಪಕ್ಕೆ ಬರುತ್ತದಲ್ಲ, ಆ ತರಹದ್ದು. ಕೆಲಸದ ಬಗ್ಗೆ ತಕರಾರಿಲ್ಲ. ಆದರೆ ಅದರ ಒಳಗೇ ಒಂದು ಸಣ್ಣ ಫ್ಯಾನ್ ಇದೆ. ಚಕ್ಕೆಯನ್ನೆಲ್ಲ ಹಿಂದಿನ 4 ಇಂಚಿನ ಬಾಯಿಯಿಂದ ಉಗುಳುತ್ತದೆ. ಮೊದಲ ದಿನ ಆ ಬಾಯಿಯನ್ನು ಕಿಟಕಿ ಕಡೆ ಮಾಡಿ ಇಟ್ಟಿದ್ದೆ. ಹೊರಗೆ ಹೋದರೆ ಒಳ್ಳೆಯದೇ ಅಲ್ವಾ ಅಂತ.

ಮೇ ತಿಂಗಳು. ಪಕ್ಕದ ಮನೆ ಅಕ್ಕ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿದ್ದರು. ನಾನು ಮಷಿನ್‌ಗೆ ಕೊಡುತ್ತಿದ್ದದ್ದೂ ಹಲಸಿನ ಹಲಗೆಯೇ, ಒಂದು ಜೋಡಿ ಬಾಗಿಲಿಗೆ. ಹಳದಿ ಹಪ್ಪಳ, ಹಳದಿ ಚಕ್ಕೆ. ಹಸಿ ಹಪ್ಪಳಕ್ಕೆ ಅಂಟಿದ್ದು ಒಂದೂ ಬಿಡಿಸಲು ಬರಲಿಲ್ಲ. ಅಕ್ಕ ಬೈಯಲಿಲ್ಲ. ಬೇಲಿ ಹತ್ತಿರ ಬಂದು, "ತಮ್ಮಾ, ಹಪ್ಪಳಕ್ಕೆ ಉಪ್ಪು ಖಾರ ಎಲ್ಲ ನಾನೇ ಹಾಕಿ ಆಗಿದೆ, ನಿಂದೇನೂ ಬೇಡ" ಅಂದರು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ವ್ಯಾಕ್ಯೂಮ್ ಕ್ಲೀನರ್ ತಂದೆ, 20 ಲೀಟರ್ ಟ್ಯಾಂಕಿನದು. ಅದರ ಪೈಪ್ ಒಂದೂವರೆ ಇಂಚು. ರೆಡ್ಯೂಸರ್ ಹಾಕಿ ಪ್ಲೇನರ್ ಬಾಯಿಗೆ ಸೇರಿಸಿದೆ. ಅರ್ಧ ಹಲಗೆ ದಾಟುವುದರೊಳಗೆ ಕಟ್ಟಿಕೊಂಡಿತು. ಹೊರಗೆ ಹೋಗದ ಚಕ್ಕೆ ರೋಲರ್ ಅಡಿಗೆ ಸಿಕ್ಕಿ, ನುಣುಪಾದ ಹಲಗೆ ಮೇಲೆ ಅಕ್ಕಿಕಾಳಿನಷ್ಟು ಗುಳಿಗಳು ಬಿದ್ದವು. ಎರಡನೇ ದಿನ ವ್ಯಾಕ್ಯೂಮ್ ಮೋಟಾರಿನಿಂದ ಸುಟ್ಟ ವಾಸನೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಚಕ್ಕೆ, ಧೂಳು ಎಳೆದುಕೊಳ್ಳುವ ದೊಡ್ಡ ಡಸ್ಟ್ ಕಲೆಕ್ಟರ್ ತಗೊಳ್ಳಲೇಬೇಕಾ? ಇಡೋಕೆ ಜಾಗ ಇಲ್ಲ. ಸಿಂಗಲ್ ಫೇಸ್ ಕರೆಂಟು, ಸಂಜೆಯಾದರೆ ವೋಲ್ಟೇಜ್ ಇಳಿಯುತ್ತದೆ. ಬೇರೆ ದಾರಿ ಇದ್ದರೆ ಹೇಳಿ.

ಮೈಸೂರು ಫಿಟ್ಟರ್:

ವ್ಯಾಕ್ಯೂಮ್ ಕೆಟ್ಟದ್ದಲ್ಲ ಸರ್, ಅದಕ್ಕೆ ಆ ಕೆಲಸ ಕೊಟ್ಟಿದ್ದು ತಪ್ಪು. 4 ಇಂಚಿನ ಬಾಯಿಯ ವಿಸ್ತಾರ ಒಂದೂವರೆ ಇಂಚಿನ ಪೈಪಿಗಿಂತ ಏಳು ಪಟ್ಟು ಜಾಸ್ತಿ. ಏಳು ಜನ ಹೋಗುವ ಬಾಗಿಲಲ್ಲಿ ಒಬ್ಬನನ್ನು ಮಾತ್ರ ಬಿಟ್ಟ ಹಾಗಾಯ್ತು.

ಇನ್ನು ಟ್ಯಾಂಕಿನ ಲೆಕ್ಕ ನೋಡಿ. 7 ಅಡಿ ಉದ್ದ, 8 ಇಂಚು ಅಗಲದ ಹಲಗೆಯಿಂದ ಒಟ್ಟು 5 ಮಿಲಿಮೀಟರ್ ತೆಗೆದರೆ ಗಟ್ಟಿ ಮರ ಎರಡು ಲೀಟರಿನಷ್ಟು. ಅದೇ ಚಕ್ಕೆಯಾಗಿ ಉಬ್ಬಿದರೆ ಏಳು ಪಟ್ಟಾದರೂ ಆಗುತ್ತದೆ. ಅಂದರೆ ಒಂದು ಹಲಗೆಗೆ ಸುಮಾರು 15 ಲೀಟರ್. ನಿಮ್ಮ ಟ್ಯಾಂಕು ಹಲಗೆಗೊಮ್ಮೆ ತುಂಬಲೇಬೇಕು.

ಕಲೆಕ್ಟರ್ ತಗೊಂಡರೆ 4 ಇಂಚಿನ ಪೈಪಿನಲ್ಲಿ ಚಕ್ಕೆ ಕೆಳಗೆ ಕೂರದೆ ಹಾರಿಕೊಂಡು ಹೋಗಬೇಕು. ಅದಕ್ಕೆ ಗಾಳಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡಬೇಕು. ನಿಮಿಷಕ್ಕೆ ಹತ್ತಿರ ಹತ್ತಿರ 350 ಘನ ಅಡಿ ಗಾಳಿ ಆಯ್ತು. ಒಂದು ಎಚ್‌ಪಿಯ ಕಲೆಕ್ಟರ್, ಪೈಪ್ ಗಿಡ್ಡವಾಗಿದ್ದರೆ, ಇದನ್ನು ಮಾಡುತ್ತದೆ. 15 ಆಂಪಿಯರ್ ಸಾಕೆಟ್ ಅಂದರೆ 3450 ವಾಟ್, ಎರಡೂ ಮಷಿನ್ ಹೇಗೋ ಹಿಡಿಸುತ್ತವೆ. ಆದರೆ ಎರಡನ್ನೂ ಒಟ್ಟಿಗೆ ಆನ್ ಮಾಡಬೇಡಿ. ಮೊದಲು ಕಲೆಕ್ಟರ್, ಅದು ಸ್ಪೀಡ್ ಹಿಡಿದ ಮೇಲೆ ಪ್ಲೇನರ್. ವೋಲ್ಟೇಜ್ ಇಳಿದಾಗ ಮಾಡಲೇಬೇಡಿ.

ಆ ಗುಳಿಗಳಿಗೆ ಸುಲಭದ ಮದ್ದಿದೆ. ಒದ್ದೆ ಬಟ್ಟೆ ಹಾಕಿ ಮೇಲಿಂದ ಇಸ್ತ್ರಿ ಪೆಟ್ಟಿಗೆ ಇಡಿ. ಒತ್ತಿಹೋದ ನಾರು ಆವಿಗೆ ಉಬ್ಬಿ ಮೇಲೆ ಬರುತ್ತದೆ.

ಪುತ್ತೂರು ಆಚಾರಿ:

ಕಲೆಕ್ಟರ್ ಎಲ್ಲ ಈಗಲೇ ಬೇಡ ಮಾರಾಯ್ರೇ. ನಿಮ್ಮ ಮಷಿನಿನಲ್ಲೇ ಫ್ಯಾನ್ ಉಂಟಲ್ಲ, ಅದೇ ಊದುತ್ತದೆ. ಮತ್ತೆ ಎಳೆಯಲಿಕ್ಕೆ ಇನ್ನೊಂದು ಮೋಟಾರು ಯಾಕೆ? ಕೆಮಿಕಲ್ ಬರುವ 200 ಲೀಟರಿನ ನೀಲಿ ಡ್ರಮ್ ಗುಜರಿಯಲ್ಲಿ ಸಿಗುತ್ತದೆ. ಒಳಗೆ ಏನಿತ್ತು ಅಂತ ಕೇಳಿಯೇ ತನ್ನಿ, ಚೆನ್ನಾಗಿ ತೊಳೆಯಿರಿ. 4 ಇಂಚಿನ ಹೋಸ್ ಆರಡಿ ಸಾಕು. ಪ್ಲೇನರಿನಿಂದ ನೇರ ಡ್ರಮ್ಮಿಗೆ. ಬೆಂಡ್ ಕಮ್ಮಿ ಇರಲಿ, ಚಕ್ಕೆ ಕೂರುವುದೇ ಬೆಂಡಿನಲ್ಲಿ.

ನಾನು ಹೀಗೆ ಮಾಡಿ ಆರು ವರ್ಷ ಆಯಿತು. ಚಕ್ಕೆ ತುಂಬಿದ ಡ್ರಮ್ ರಾತ್ರಿ ಒಳಗೆ ಇಡುವುದಿಲ್ಲ. ಒಂದು ಮೊಳೆ ಬ್ಲೇಡಿಗೆ ಸಿಕ್ಕಿ ಕಿಡಿ ಹಾರಿದರೆ ಅದು ಒಳಗೇ ಸುಮ್ನೆ ಹೊಗೆಯಾಡುತ್ತಾ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನೂ ಅದಕ್ಕೆ ಹಾಕಬೇಡಿ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದರೆ ತಾನಾಗಿಯೇ ಬಿಸಿಯಾಗುತ್ತದೆ.

ಶಿರಸಿ ಮರಗೆಲಸ:

ಆಚಾರಿಯವರೇ, ಇವತ್ತು ಮಾಡಿ ನೋಡಿದೆ. ಡ್ರಮ್ ಸಿಕ್ಕಿತು. ಮುಚ್ಚಳಕ್ಕೆ ತೂತು ಕೊರೆದು, ಹೋಸ್ ಸಿಕ್ಕಿಸಿ, ಸುತ್ತ ಎಂ-ಸೀಲ್ ಹಚ್ಚಿ, ಒಂದು ಚೂರೂ ಗಾಳಿ ಹೋಗದ ಹಾಗೆ ಬಂದೋಬಸ್ತ್ ಮಾಡಿದೆ. ಮಷಿನ್ ಆನ್ ಮಾಡಿ ಹಲಗೆ ಕೊಟ್ಟೆ. ಹತ್ತು ಎಣಿಸುವಷ್ಟರಲ್ಲಿ ಢಬ್ ಅಂತ ಮುಚ್ಚಳ ಎದ್ದು ಬಿತ್ತು. ಶೆಡ್ ತುಂಬ ಹಳದಿ ಮಳೆ. ನನ್ನ ಚಹಾ ಲೋಟದಲ್ಲೂ.

ಪುತ್ತೂರು ಆಚಾರಿ:

ಅಯ್ಯೋ, ಗಾಳಿ ಹೊರಗೆ ಹೋಗುವುದು ಎಲ್ಲಿಂದ ಮಾರಾಯ್ರೇ? ಹೇಳಲಿಕ್ಕೆ ನಾನೇ ಮರೆತೆ. ಮುಚ್ಚಳದಲ್ಲಿ ಇನ್ನೊಂದು ದೊಡ್ಡ ಕಂಡಿ ಮಾಡಿ. ಅದಕ್ಕೆ ಹತ್ತಿ ಬಟ್ಟೆಯ ಉದ್ದ ಚೀಲ ಕಟ್ಟಿ. ಚಕ್ಕೆ ಡ್ರಮ್ಮಿನಲ್ಲಿ, ಗಾಳಿ ಬಟ್ಟೆಯಲ್ಲಿ. ದಿಂಬಿನ ಗವಸು ಸಾಲದು, ಹಳೇ ಪಂಚೆಯೇ ಬೇಕು. ಬಟ್ಟೆ ಎಷ್ಟು ಅಗಲವೋ ಗಾಳಿ ಅಷ್ಟು ಸಲೀಸಾಗಿ ಹೋಗುತ್ತದೆ.

ಗಾಜಿನ ಹಂಚು:

ನಾನು ಚಿಕ್ಕಮಗಳೂರು ಕಡೆಯವಳು, ಸಿಲ್ವರ್ ಓಕ್‌ನಲ್ಲಿ ಸಣ್ಣ ಪೀಠೋಪಕರಣ ಮಾಡುತ್ತೇನೆ. ಪಂಚೆಯ ವಿಷಯಕ್ಕೆ ಒಂದು ಮಾತು. ಪಂಚೆ ಚಕ್ಕೆ ತಡೆಯುತ್ತದೆ, ಸಣ್ಣ ಧೂಳು ತಡೆಯುವುದಿಲ್ಲ. ಡ್ರಮ್ ಶೆಡ್ ಒಳಗಿದ್ದರೆ ಆ ಧೂಳು ನಿಮ್ಮ ಮೂಗಿಗೇ. ನಮ್ಮ ಕೊಟ್ಟಿಗೆಯ ಮಾಡಿನಲ್ಲಿ ಒಂದು ಗಾಜಿನ ಹಂಚಿದೆ. ಮಧ್ಯಾಹ್ನ ಅದರಿಂದ ಬಿಸಿಲಿನ ಕೋಲು ಇಳಿಯುತ್ತದೆ. ಮಷಿನ್ ನಿಲ್ಲಿಸಿ ಊಟ ಮಾಡಿ ಬಂದರೂ ಆ ಬಿಸಿಲಿನಲ್ಲಿ ಧೂಳು ಮೆಲ್ಲಗೆ ಸುತ್ತುತ್ತಲೇ ಇತ್ತು. ಅಲ್ಲಿಯವರೆಗೆ ನೆಲ ಗುಡಿಸಿದರೆ ಕ್ಲೀನ್ ಅಂದುಕೊಂಡಿದ್ದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮುಖ್ಯವಾಗಿ ಮೂಗಿನದ್ದು. ಹೆದರಿಸುತ್ತಿಲ್ಲ. ಪ್ಲೇನರ್‌ನಿಂದ ಬರುವುದು ಬಹುಪಾಲು ಚಕ್ಕೆಯೇ, ನಿಜವಾದ ಧೂಳು ಉಪ್ಪುಕಾಗದದ ಮಷಿನ್‌ನದು. ನಿಮ್ಮ ಹತ್ತಿರ ಅದೂ ಇರಬೇಕಲ್ಲ? ಟವಲ್ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ, ಎನ್95 ಹಾಕಿ. ಒಣ ಪೊರಕೆ ಬಿಡಿ, ನೆಲಕ್ಕೆ ನೀರು ಚಿಮುಕಿಸಿ ಗುಡಿಸಿ. ಸಿಲ್ವರ್ ಓಕ್ ಧೂಳಿಗೆ ನನ್ನ ಮುಂಗೈಯೆಲ್ಲ ತುರಿಕೆ ಬಂದು ತಿಂಗಳು ಕೆರೆದುಕೊಂಡಿದ್ದೇನೆ. ಬೀಟೆಯೂ ಕೆಲವರಿಗೆ ಹಾಗೇ.

ಶಿರಸಿ ಮರಗೆಲಸ:

ಮೂವರಿಗೂ ತುಂಬಾ ಥ್ಯಾಂಕ್ಸ್. ಡ್ರಮ್ಮನ್ನು ಶಟರ್ ಕಡೆ ಹೊರಗಿಟ್ಟೆ, ಸೂರಿನ ಅಡಿಗೆ. ಗೋಡೆಯಲ್ಲಿ ಒಂದು ಕಲ್ಲು ತೆಗೆದು ಹೋಸ್ ತೂರಿಸಿದ್ದೇನೆ. ಅಪ್ಪನ ಎರಡು ಹಳೇ ಪಂಚೆ ಸೇರಿಸಿ ಹೆಂಡತಿ ಆರಡಿ ಚೀಲ ಹೊಲಿದುಕೊಟ್ಟಳು. ಮಷಿನ್ ಆನ್ ಮಾಡಿದರೆ ಅದು ನಿಧಾನಕ್ಕೆ ಉಬ್ಬಿ ನೆಟ್ಟಗೆ ನಿಲ್ಲುತ್ತದೆ. ಮೊದಲ ಸಲ ನೋಡಿದ ಅಪ್ಪ, "ನನ್ನ ಪಂಚೆಗೆ ನನಗಿಂತ ಹೊಟ್ಟೆ ಬಂತಲ್ಲೋ" ಅಂದರು.

ಉಳಿದ 14 ಹಲಗೆ ಒಂದೇ ದಿನ ಮುಗಿಸಿದೆ. ಒಂದೂ ಗುಳಿ ಇಲ್ಲ. ಹಳೇ ಗುಳಿಗಳಲ್ಲಿ ಮುಕ್ಕಾಲು ಪಾಲು ಇಸ್ತ್ರಿ ಪೆಟ್ಟಿಗೆಗೆ ಎದ್ದು ಬಂದವು. ಉಳಿದವನ್ನು ಉಜ್ಜಬೇಕು, ಎನ್95 ಹಾಕಿಕೊಂಡು. ಡ್ರಮ್ ಕಂಠಮಟ್ಟ ತುಂಬಿತು, ಗೊಬ್ಬರದ ಚೀಲದಲ್ಲಿ ಮೂರು ಚೀಲ. ಮೈಸೂರಿನವರ ಲೆಕ್ಕ ಸರಿಯಾಗಿದೆ! ಎರಡು ಚೀಲ ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು ಹೋಯಿತು. ಪ್ಲೈವುಡ್ ಪುಡಿ ಸೇರಿರಲಿಲ್ಲ, ಅಂಟು ಇರುತ್ತದಲ್ಲ, ಅದನ್ನು ಬೇರೆಯೇ ಇಡುತ್ತೇನೆ. ಇನ್ನೊಂದು ಚೀಲ ಪಕ್ಕದ ಮನೆ ಅಕ್ಕನ ಬಚ್ಚಲ ಒಲೆಗೆ. ಅವರು ಹೊಟ್ಟಿನ ಒಲೆಗೆ ಕೇಳಿದ್ದರು, ನಡುವೆ ಬಾಟಲಿ ನಿಲ್ಲಿಸಿ ಸುತ್ತ ಹೊಟ್ಟು ಬಡಿದು ತುಂಬುತ್ತಾರಲ್ಲ, ಅದು. ಆದರೆ ಅದಕ್ಕೆ ಗರಗಸದ ಪುಡಿಯೇ ಆಗಬೇಕು. ಚಕ್ಕೆ ಎಷ್ಟು ಬಡಿದರೂ ಗಟ್ಟಿಯಾಗಿ ಕೂರುವುದಿಲ್ಲ, ನಡುವಿನ ಬಾಟಲಿ ತೆಗೆದ ಕೂಡಲೇ ತೂತು ಕುಸಿಯುತ್ತದೆ.

ಈಗ ಒಂದೇ ತೊಂದರೆ. ಡ್ರಮ್ ಯಾವಾಗ ತುಂಬಿತು ಅಂತ ಒಳಗಿರುವ ನನಗೆ ಗೊತ್ತಾಗುವುದಿಲ್ಲ. ಹೋಸಿನೊಳಗೂ ಚಕ್ಕೆ ತುಂಬಿಕೊಂಡ ಮೇಲೆ ಮಷಿನ್ ಗುರುಗುಟ್ಟಿದಾಗಲೇ ಗೊತ್ತಾಗಿದ್ದು.

ಮೈಸೂರು ಫಿಟ್ಟರ್:

ಹಲಗೆ ಎಣಿಸಿ ಸರ್. ಆ ಅಳತೆಯ ಹಲಗೆ 12 ಆದ ಕೂಡಲೇ ಖಾಲಿ ಮಾಡಿ. ಆದರೂ ಡ್ರಮ್ಮಿನ ಮೇಲ್ಭಾಗದಲ್ಲಿ ಅಂಗೈಯಗಲ ಕತ್ತರಿಸಿ, ದಪ್ಪ ಪಾರದರ್ಶಕ ಪ್ಲಾಸ್ಟಿಕ್ ತುಂಡು ಕೂರಿಸಿ, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಕೊಟ್ಟು ಸ್ಕ್ರೂ ಹಾಕಿಬಿಡಿ. ಹಲಗೆ ತರಲು ಹೊರಗೆ ಬಂದಾಗೆಲ್ಲ ಕಣ್ಣಿಗೆ ಬೀಳುತ್ತದೆ.

ಪುತ್ತೂರು ಆಚಾರಿ:

ಜೂನ್ ಬಂತು. ಪಂಚೆ ಒದ್ದೆಯಾದರೆ ಗಾಳಿ ಬಿಡುವುದಿಲ್ಲ, ಮುಚ್ಚಳ ಮತ್ತೆ ಢಬ್. ಸೂರಿಗೆ ಎರಡು ಶೀಟ್ ಜಾಸ್ತಿ ಹಾಕಿಸಿ.