ಪದಚರ್ಚೆ: ಕಚ್ಚಿಕೊಂಡ ಸೆನ್ಸರು – ಬಿಚ್ಚುವುದೋ, ಕೀಳುವುದೋ, ಎಬ್ಬಿಸುವುದೋ?

ಪ್ರಶ್ನೆ

ಮಾನ್ಯರೇ,

ಹಳೆ ಕಾರುಗಳ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಜಾರುವುದನ್ನು ತಡೆಯುವ ವ್ಯವಸ್ಥೆ) ರಿಪೇರಿಯ ಬಗ್ಗೆ ಐಟಿಐ ವಿದ್ಯಾರ್ಥಿಗಳಿಗಾಗಿ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಚಕ್ರದ ವೇಗ ಅಳೆಯುವ ಸೆನ್ಸರು ನಕಲ್‌ನ (ಚಕ್ರದ ಹಬ್ಬನ್ನು ಹಿಡಿದಿರುವ ಲೋಹದ ಭಾಗದ) ತೂತಿನಲ್ಲಿ ಕೂತುಬಿಟ್ಟಾಗ ಅದನ್ನು ತೆಗೆಯುವ ಅಧ್ಯಾಯದಲ್ಲಿ ಕೆಲಸ ನಿಂತಿದೆ. ಮೂಲದಲ್ಲಿ ಎಲ್ಲದಕ್ಕೂ ‘ರಿಮೂವ್’ ಎಂದೇ ಇದೆ. ‘ತೆಗೆಯಿರಿ’ ಎಂದರೆ ಸಾಕೇ? ‘ಸೀಜ್ ಆಗಿದೆ’ ಎಂಬುದಕ್ಕೆ ಅಂಟಿಕೊಂಡಿದೆ, ಸಿಕ್ಕಿಕೊಂಡಿದೆ, ಕಚ್ಚಿಕೊಂಡಿದೆ ಇವುಗಳಲ್ಲಿ ಯಾವುದು ಸರಿ? ನಕಲ್ ಅಲ್ಯೂಮಿನಿಯಂನದಾದರೆ ತೂತಿನಲ್ಲಿ ಬಿಳಿ ಪುಡಿ ಕಟ್ಟುತ್ತದಲ್ಲ, ಅದನ್ನು ತುಕ್ಕು ಎನ್ನಬಹುದೇ, ಕಿಲುಬು ಎನ್ನಬೇಕೇ? ಗ್ಯಾರೇಜಿನ ಬಳಕೆ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಎಲ್ಲ ಕಡೆ ‘ತೆಗೆಯಿರಿ’ ಎಂದು ಬರೆದರೆ ಹುಡುಗರು ಸೆನ್ಸರು ಮುರಿಯುತ್ತಾರೆ. ಇಲ್ಲಿ ಕ್ರಿಯಾಪದವೇ ಕೈಗೆ ದಾರಿ ತೋರಿಸಬೇಕು. ಕನೆಕ್ಟರನ್ನು ಕಳಚಿ, ವೈರಿನ ರಬ್ಬರುಗಳನ್ನು ಬ್ರಾಕೆಟ್‌ನಿಂದ ಬಿಡಿಸಿ, ಬೋಲ್ಟನ್ನು ಬಿಚ್ಚಿ. ಸೆನ್ಸರಿಗೆ ಮಾತ್ರ ಈ ಮೂರೂ ಸಲ್ಲವು. ‘ಕೀಳಿ’ ಅಂತೂ ಬೇಡವೇ ಬೇಡ. ಕೀಳು ಎಂದ ಕೂಡಲೇ ಕೈ ನೇರಕ್ಕೆ ಎಳೆಯುತ್ತದೆ. ಪ್ಲಾಸ್ಟಿಕ್ ತಲೆ ಕಿತ್ತು ಬಂದು ಮೈ ತೂತಿನೊಳಗೇ ಉಳಿಯುತ್ತದೆ. ‘ಎಬ್ಬಿಸಿ’ ಎಂಬುದೇ ಸರಿಯಾದ ಮಾತು. ಅದಕ್ಕೂ ಮೊದಲು ‘ತಿರುಗಿಸಿ ಸಡಿಲಿಸಿ’ ಎಂದು ಇರಲೇಬೇಕು.

ಬೋಲ್ಟು ಹೆಚ್ಚಿನ ಕಾರುಗಳಲ್ಲಿ ಎಂ6. 10 ಎಂಎಂ ಸಾಕೆಟ್ ಅಥವಾ 5 ಎಂಎಂ ಆಲನ್ ಕೀ ಹಿಡಿಯುತ್ತದೆ. ಆಲನ್ ತಲೆಯಾದರೆ ಕುಳಿಯಲ್ಲಿ ಗಟ್ಟಿಯಾದ ಮಣ್ಣನ್ನು ಮೊಳೆಯಿಂದ ಕೆದಕಿ, ಕೀಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಳದವರೆಗೆ ಕೂರಿಸಬೇಕು. ಇಲ್ಲದಿದ್ದರೆ ಮೂಲೆಗಳು ಸವೆದು ಕೀ ಬರಿದೇ ಸುತ್ತುತ್ತದೆ. ಹಾಗಾದ ಬೋಲ್ಟಿನ ಪಾಡು ಸೆನ್ಸರಿಗಿಂತ ಕಷ್ಟ. ಬೋಲ್ಟು ಬಂದ ಮೇಲೆ ಸೆನ್ಸರಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ, ಜಗ್ಗದಿದ್ದರೆ ರಾತ್ರಿಯಿಡೀ ಬಿಡಬೇಕು. ಡಿಸ್ಕು, ಪ್ಯಾಡುಗಳ ಮೇಲೆ ಎಣ್ಣೆ ಬೀಳದಂತೆ ಬಟ್ಟೆ ಮುಚ್ಚಿ. ಆಮೇಲೆ ಬೋಲ್ಟು ಕೂರುವ ಕಿವಿಯನ್ನು ಇಕ್ಕಳದಲ್ಲಿ ಹಿಡಿದು ಆಚೆ ಈಚೆ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಎಣ್ಣೆ, ಮತ್ತೆ ತಿರುಗಿಸು. ಧಾರಾಳವಾಗಿ ತಿರುಗತೊಡಗಿದ ಮೇಲೆಯೇ ಮೇಲಕ್ಕೆ. ಕಿವಿ ಕುಳಿಯೊಳಗೆ ಕೂತು ತಿರುಗಲು ಜಾಗವಿಲ್ಲದಿದ್ದರೆ ಅದರಡಿಗೆ ತೆಳುವಾದ ಉಳಿ ಕೊಟ್ಟು ಸ್ವಲ್ಪಸ್ವಲ್ಪವೇ ಮೀಟಬೇಕು. ಸೆನ್ಸರಿನ ತಲೆಯ ಮೇಲೆ ಹೊಡೆಯಕೂಡದು; ತುದಿ ಹೋಗಿ ಟೋನ್ ರಿಂಗಿಗೆ (ಚಕ್ರದೊಂದಿಗೆ ತಿರುಗುವ, ಸೆನ್ಸರು ವೇಗ ಓದುವ ಬಳೆಗೆ) ಬಡಿಯುತ್ತದೆ.

‘ಅಂಟಿಕೊಂಡಿದೆ’ ಎಂದರೆ ಗೋಂದಿನ ನೆನಪು. ‘ಸಿಕ್ಕಿಕೊಂಡಿದೆ’ ಎಂದರೆ ನಡುವೆ ಏನೋ ಅಡ್ಡ ಬಂದಂತೆ. ಇಲ್ಲಿ ಆಗುವುದೇ ಬೇರೆ. ಬೀಡುಕಬ್ಬಿಣದ ನಕಲ್ ತುಕ್ಕು ಹಿಡಿದಾಗ ಆ ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು. ಅದು ಒಳಮುಖವಾಗಿ ಊದಿ ಸೆನ್ಸರಿನ ಮೈಯನ್ನು ಸುತ್ತಲಿಂದ ಹಿಸುಕುತ್ತದೆ. ಇದಕ್ಕೆ ಕಚ್ಚಿಕೊಳ್ಳುವುದು ಎಂಬ ಮಾತೇ ಒಪ್ಪುತ್ತದೆ. ಕಿವಿಯ ಅಡಿಯಲ್ಲೂ ಹೀಗೇ ಊದಿದರೆ ಸೆನ್ಸರು ರಿಂಗಿನಿಂದ ದೂರ ಸರಿಯುತ್ತದೆ. ಕಾಯಿಲ್ ಇರುವ ಹಳೆಯ ಸೆನ್ಸರಿನಲ್ಲಿ ಅಷ್ಟಕ್ಕೇ ಸಿಗ್ನಲ್ ಕುಗ್ಗಿ, ಕಾರು ನಿಲ್ಲುವ ಹೊತ್ತಿಗೆ ಕಾರಣವಿಲ್ಲದೆ ಎಬಿಎಸ್ ಪೆಡಲನ್ನು ನಡುಗಿಸುತ್ತದೆ. ಕೈಪಿಡಿಯಲ್ಲಿ ಇದಕ್ಕೆ ‘ತುಕ್ಕು ಎತ್ತಿದೆ’ ಎಂದು ಬರೆಯಬಹುದು.

ಕಿಲುಬು ಎಂದರೆ ತಾಮ್ರ, ಹಿತ್ತಾಳೆ ಪಾತ್ರೆಯ ಹಸಿರು ಎಂದೇ ಮನೆಮಾತು. ಅಲ್ಯೂಮಿನಿಯಂಗೆ ‘ಬಿಳಿ ತುಕ್ಕು’ ಇರಲಿ.

ಉತ್ತರ 2

‘ಬಿಳಿ ತುಕ್ಕು’ ಬೇಡ ಎನಿಸುತ್ತದೆ. ಜಿಂಕ್ ಲೇಪದ ತಗಡಿನ ಮೇಲೆ ಬರುವುದಕ್ಕೆ ಆ ಹೆಸರು ಆಗಲೇ ಸಲ್ಲುತ್ತಿದೆ. ‘ಬಿಳಿ ಪುಡಿ ಕಟ್ಟಿದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಸೆನ್ಸರಿನ ಮೈಗೆ ಉಕ್ಕಿನ ಸ್ಲೀವ್ (ಸುತ್ತುಕವಚ) ಇದ್ದರೆ ಎರಡು ಲೋಹಗಳ ನಡುವೆ ನೀರು ನಿಂತು ಈ ಪುಡಿ ಬೇಗ ಬೆಳೆಯುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಲ್ಲಿ ಇದು ಇನ್ನೂ ಹೆಚ್ಚು.

ತಲೆ ಮುರಿದರೆ ಏನು ಎಂಬುದಕ್ಕೂ ಪದ ಬೇಕು. ತೂತು ಒಳಗಿನಿಂದ ತೆರೆದಿದ್ದರೆ, ಹಬ್ ಅಥವಾ ಆಕ್ಸೆಲ್ ಸರಿಸಿ, ತೂತಿಗಿಂತ ತುಸು ಸಣ್ಣ ಪಂಚಿನಿಂದ ‘ಹೊರಕ್ಕೆ ತಟ್ಟಿ’. ಹಾಗಿಲ್ಲದಿದ್ದರೆ ಉಳಿದ ಪ್ಲಾಸ್ಟಿಕ್‌ನ ನಡುವೆ 3 ಎಂಎಂ ಡ್ರಿಲ್ಲಿನಿಂದ ಆಳವಿಲ್ಲದೆ ಕೊರೆದು, ಸ್ಕ್ರೂ ಹೊಗಿಸಿ, ಅದನ್ನು ಹಿಡಿದು ಅಲುಗಾಡಿಸುತ್ತ ಎಬ್ಬಿಸಬೇಕು. ಡ್ರಿಲ್ ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತಿಕೊಳ್ಳಿ. ಆಳ ಮೀರಿದರೆ ಬಿಟ್ಟು ರಿಂಗಿಗೇ ತಾಗುತ್ತದೆ. ಬೇರಿಂಗ್ ಸೀಲಿನಲ್ಲೇ ಅಯಸ್ಕಾಂತದ ರಿಂಗಿರುವ ಕಾರುಗಳಲ್ಲಿ ಕಬ್ಬಿಣದ ಪುಡಿ ಅದಕ್ಕೆ ಅಂಟಿ ಸಿಗ್ನಲ್ ಕೆಡಿಸುತ್ತದೆ. ಆದ್ದರಿಂದ ವ್ಯಾಕ್ಯೂಮಿನಿಂದ ಪುಡಿಯನ್ನು ಎಳೆಯುತ್ತಲೇ ಕೊರೆಯುವುದು ಮೇಲು.

‘ಕಾಯಿಸಿ’ ಎಂದು ಬರಿದೇ ಬರೆಯಬೇಡಿ, ಗ್ಯಾಸ್ ಬೆಂಕಿ ಹಿಡಿದಾರು. ಬೇರಿಂಗಿನ ಗ್ರೀಸು ಕರಗಿ ಸೀಲು, ಬ್ರೇಕ್ ಹೋಸು ಸುಡುತ್ತವೆ. ಹಳೆ ಸೆನ್ಸರನ್ನು ಎಸೆಯುವುದಾದರೆ ಮಾತ್ರ, ‘ಬಿಸಿಗಾಳಿಯ ಗನ್ನಿನಿಂದ ನಕಲ್‌ನ ಲೋಹವನ್ನು ಬಿಸಿ ಮಾಡಿ’ ಎಂದು ಬಿಡಿಸಿ ಬರೆಯಿರಿ.

ತೂತಿನ ಶುಚಿಗೆ ‘ಕೆರೆಯಿರಿ’ ಅಲ್ಲ, ‘ಉಜ್ಜಿ’. ಸ್ಕ್ರೂಡ್ರೈವರಿನಿಂದ ಕೆರೆದರೆ ಗೀರು ಬೀಳುತ್ತದೆ, ತೂತು ಹಿಗ್ಗುತ್ತದೆ. ದುಂಡು ಬ್ರಷ್, ನಯವಾದ ಎಮರಿ ಪೇಪರ್ ಸಾಕು. ಕಿವಿ ಕೂರುವ ಮುಖವನ್ನು ಮಾತ್ರ ಲೋಹ ಹೊಳೆಯುವವರೆಗೆ ಉಜ್ಜಬೇಕು. ಹೊಸ ಸೆನ್ಸರಿನ ಮೈಗೆ ತೆಳುವಾಗಿ ಸಿಲಿಕೋನ್ ಗ್ರೀಸು ಸವರಿ, ತಾಮ್ರದ ಪೇಸ್ಟ್ ಬೇಡ. ಕೈಯಲ್ಲಿ ಒತ್ತಿದರೇ ತಳ ಸೇರಬೇಕು. ಸೇರದಿದ್ದರೆ ಇನ್ನೂ ಉಜ್ಜುವುದಿದೆ ಎಂದರ್ಥ. ಬೋಲ್ಟಿನಿಂದ ಎಳೆದು ಕೂರಿಸಿದರೆ ಕಿವಿ ಸೀಳುತ್ತದೆ. ಎಂ6 ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು, ಆದ್ದರಿಂದ ಇಲ್ಲಿ ‘ಬಲವಾಗಿ ಬಿಗಿಯಿರಿ’ ಎಂಬ ಮಾತು ಕೈಪಿಡಿಯಲ್ಲಿ ಬರಲೇಬಾರದು.