ಪುಟ್ಟ ಮತ್ಸ್ಯಕನ್ಯೆಯ ಕಥೆಯನ್ನು ಇಬ್ಬರು ಗಂಡಸರ ಪ್ರೇಮಕಥೆಯಾಗಿ ಬರೆಯುವಾಗ ಆ ಮೌನವನ್ನು ಏನು ಮಾಡಬೇಕು?

ಪ್ರಶ್ನೆ

ಡೆನ್ಮಾರ್ಕಿನ ಲೇಖಕ ಹಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ 1837ರಲ್ಲಿ ಪ್ರಕಟಿಸಿದ ಪುಟ್ಟ ಮತ್ಸ್ಯಕನ್ಯೆಯ ಕಥೆಯನ್ನು ಕನ್ನಡದಲ್ಲಿ ಇಬ್ಬರು ಗಂಡಸರ ಪ್ರೇಮಕಥೆಯಾಗಿ ಮರಳಿ ಬರೆಯುತ್ತಿದ್ದೇನೆ. ನೀರಿನಲ್ಲಿ ಮುಳುಗುತ್ತಿದ್ದ ರಾಜಕುಮಾರನನ್ನು ಕಾಪಾಡಿ, ಅವನಿಗೆ ಒಲಿದು ಸಮುದ್ರದಿಂದ ಬರುವವನು ಇಲ್ಲಿ ಒಬ್ಬ ತರುಣ. ಕಾಲುಗಳಿಗಾಗಿ ಅವನು ಮಾಟಗಾತಿಗೆ ನಾಲಿಗೆಯನ್ನೇ ಕೊಟ್ಟಿರುವುದನ್ನೂ, ಒಂದೊಂದು ಹೆಜ್ಜೆಯೂ ಚೂರಿಯ ಅಲಗಿನ ಮೇಲಿಟ್ಟಂತೆ ನೋಯುವುದನ್ನೂ ಮೂಲದಲ್ಲಿದ್ದಂತೆಯೇ ಉಳಿಸಿಕೊಂಡಿದ್ದೇನೆ. ಆದರೆ ಮಾತಿಲ್ಲದ ಪ್ರೇಮಿಯನ್ನು ಚಿತ್ರಿಸಿದರೆ, ಸಲಿಂಗ ಪ್ರೇಮವೆಂದರೆ ಬಾಯಿಬಿಟ್ಟು ಹೇಳಲಾಗದ್ದು ಎಂಬ ಹಳೆಯ ಮಾತನ್ನೇ ನಾನೂ ಹೇಳಿದಂತಾಗುವುದಿಲ್ಲವೇ?

ಮೊದಲ ಉತ್ತರ

ಆ ಮೌನದ ಹಿಂದೆ ಆ್ಯಂಡರ್ಸನ್ನನ ಬದುಕನ್ನು ಕಾಣುವ ಓದುಗರು ಬಹಳ ಮಂದಿ ಇದ್ದಾರೆ. 1819ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಓಡೆನ್ಸೆಯಿಂದ ಕೋಪನ್‌ಹೇಗನ್ನಿಗೆ ಬಂದ ಈ ಬಡ ಹುಡುಗನಿಗೆ ಆಸರೆಯಾದವನು ಯೋನಾಸ್ ಕೊಲಿನ್. ಅವನ ಮಗ ಎಡ್ವರ್ಡನಿಗೆ ಆ್ಯಂಡರ್ಸನ್ ಬರೆದ ಕಾಗದಗಳಲ್ಲಿ ಗೆಳೆತನದ ಎಲ್ಲೆ ಮೀರಿದ ಹಂಬಲವಿದೆ. ಡ್ಯಾನಿಶ್ ಭಾಷೆಯಲ್ಲೂ ನಮ್ಮ ‘ನೀನು’, ‘ನೀವು’ಗಳಂತೆ ‘ದು’, ‘ದಿ’ ಎಂಬ ಎರಡು ರೂಪಗಳಿವೆ. ತಾವಿಬ್ಬರೂ ‘ದು’ ಎಂದು ಕರೆದುಕೊಳ್ಳೋಣವೆಂದು ಆ್ಯಂಡರ್ಸನ್ 1831ರಲ್ಲಿ ಕೇಳಿಕೊಂಡಾಗ ಎಡ್ವರ್ಡ್ ಒಪ್ಪಲಿಲ್ಲ. 1836ರಲ್ಲಿ ಅವನ ಮದುವೆಯಾಯಿತು, ಮರುವರ್ಷ ಈ ಕಥೆ ಹೊರಬಂತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಸಿಗದ ಈ ಏಕವಚನ ಬಹುವಚನದ ಎಳೆ ನಿಮಗೆ ಸುಮ್ಮನೆ ಸಿಕ್ಕಿದೆ, ಬಿಡಬೇಡಿ.

ಎರಡನೆಯ ಉತ್ತರ

ಈ ಸಲಹೆ ಚೆನ್ನಾಗಿದೆ, ಆದರೆ ಒಂದು ಎಚ್ಚರ ಬೇಕು. ಕನ್ನಡದಲ್ಲಿ ಆಪ್ತರಿಗೂ ‘ನೀನು’, ಮನೆಯ ಆಳಿಗೂ ‘ನೀನು’. ಮೂಲಕಥೆಯಲ್ಲಿ ರಾಜಕುಮಾರ ಅವಳಿಗೆ ತನ್ನ ಕೋಣೆಯ ಬಾಗಿಲ ಹೊರಗೆ ಮಖಮಲ್ಲಿನ ದಿಂಬಿನ ಮೇಲೆ ಮಲಗಲು ಅನುಮತಿ ಕೊಡುತ್ತಾನೆ; ಜೊತೆಯಲ್ಲಿ ಕುದುರೆ ಸವಾರಿಗೆ ಬರಲೆಂದು ಹುಡುಗನ ಉಡುಪನ್ನೂ ಹೊಲಿಸಿಕೊಡುತ್ತಾನೆ. (ನಿಮ್ಮ ತರುಣ ಆ ಉಡುಪಿನಲ್ಲಿ ಆಗಲೇ ಕಥೆಯೊಳಗಿದ್ದಾನೆ ಎನ್ನಬಹುದು.) ಇಂಥವನ ಬಾಯಲ್ಲಿ ಬರುವ ‘ನೀನು’ ಒಲವೋ ಒಡೆತನವೋ ಎಂಬುದು ಕೇಳುವವನಿಗೂ ತಿಳಿಯಬಾರದು.

ಮೂರನೆಯ ಉತ್ತರ

ನನ್ನ ತಕರಾರು ಬೇರೆ. ನಾಲಿಗೆ ಹೋದರೇನು, ಅರಮನೆಯಲ್ಲಿ ಕಾಗದ ಲೇಖನಿಗಳಿರಲಿಲ್ಲವೇ ಎಂದು ಈ ಕಥೆ ಓದಿದ ಮಕ್ಕಳೂ ಕೇಳುತ್ತಾರೆ. ಜೀವನವಿಡೀ ಕಾಗದ ಬರೆದ ಲೇಖಕ ತನ್ನ ನಾಯಕಿಯ ಕೈಯಿಂದ ಒಂದು ಸಾಲನ್ನೂ ಬರೆಸಲಿಲ್ಲ. ಹೀಗಾಗಿ ತನ್ನನ್ನು ನೀರಿನಿಂದ ಎತ್ತಿದವರು ಯಾರೆಂದು ರಾಜಕುಮಾರನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಅವನ ಮೇಲೆ ತಪ್ಪು ಹೊರಿಸಲೂ ಬರುವುದಿಲ್ಲ. ಎಡ್ವರ್ಡನ ಸಂಗತಿ ಹಾಗಲ್ಲ. ಅವನು ಕಾಗದಗಳನ್ನು ಓದಿದ್ದ, ಆ ಪ್ರೀತಿಗೆ ಓಗೊಡಲು ತನ್ನಿಂದಾಗಲಿಲ್ಲವೆಂದು ಮುಂದೆ ತಾನೇ ಬರೆದ. ನಿಮ್ಮ ತರುಣನೂ ಬರೆಯಲು ಕಲಿಯಲಿ, ರಾಜಕುಮಾರ ಎಲ್ಲವನ್ನೂ ತಿಳಿದ ಮೇಲೆ ತೀರ್ಮಾನಿಸಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ಬೇರೊಬ್ಬಳೊಡನೆ ರಾಜಕುಮಾರನ ಮದುವೆಯ ಹಡಗು ಹೊರಡುವ ಹಿಂದಿನ ದಿನ ತರುಣ ತನ್ನ ಕಾಗದವನ್ನು ಕೊಡುತ್ತಾನೆ. ರಾಜಕುಮಾರನನ್ನು ಕೊಂದು ಸಮುದ್ರಕ್ಕೆ ಮರಳಲೆಂದು ಅಕ್ಕಂದಿರು ತಮ್ಮ ಕೂದಲನ್ನು ಮಾಟಗಾತಿಗೆ ಕೊಟ್ಟು ತಂದ ಚೂರಿ ಕೈಸೇರುವ ಮೊದಲೇ ಅವನಿಗೆ ಉತ್ತರವೂ ಬರುತ್ತದೆ. ಅಲ್ಲಿಯವರೆಗೆ ಅವನನ್ನು ‘ನೀನು’ ಎನ್ನುತ್ತಿದ್ದ ರಾಜಕುಮಾರ ಆ ಉತ್ತರದಲ್ಲಿ ಮೊದಲ ಬಾರಿಗೆ ‘ನೀವು’ ಎಂದು ಬರೆದಿರುತ್ತಾನೆ.